ಆರನೇ ಸಾಲು

"ಏ ಜೋಳದ ರೊಟ್ಟಿ, ಆಫೀಸಿಗೆ ಹೋಗಿ ಡಸ್ಟರ್ ತಗೊಂಬಾ."

ಸೋಮಪ್ಪ ಸರ್ ಬೋರ್ಡಿನ ಕಡೆ ತಿರುಗಿಕೊಂಡೇ ಹೇಳಿದರು. ಐದನೇ ಕ್ಲಾಸು ಕಿಸಕ್ಕನೆ ನಕ್ಕಿತು. ಮಹಾನಂದಾ ಎದ್ದು ನಿಂತಳು.

ಜೋಳದ ರೊಟ್ಟಿ ಅಂದರೆ ಅವಳೇ. ಜೂನ್‌ನಲ್ಲಿ ಈ ಶಾಲೆಗೆ ಸೇರಿದ ಮೊದಲ ದಿನ ಅವಳ ಡಬ್ಬಿಯಲ್ಲಿ ರೊಟ್ಟಿ ಇತ್ತು, ಅಷ್ಟೇ. ಅವತ್ತಿನಿಂದ ಅದೇ ಹೆಸರಾಯಿತು.

ಸರ್ ಕೆಟ್ಟವರಲ್ಲ. ಅವರು ಹೇಳಿಕೊಟ್ಟರೆ ಭಿನ್ನರಾಶಿ ಕೂಡ ಇಡ್ಲಿಯಂತೆ ಮೆತ್ತಗಾಗುತ್ತಿತ್ತು. ಆದರೆ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಹಾಜರಿ ಕೂಗುವುದೂ ನಂಬರಿನಲ್ಲೇ. ಬಸಲಿಂಗನ ಅಪ್ಪ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು, ಹಾಗಾಗಿ ಅವನು ಟ್ಯಾಂಕರ್. ಶಶಿಕುಮಾರನ ತಾತನಿಗೆ ಬಾಡಿಗೆ ಮನೆಗಳಿದ್ದವು, ಹಾಗಾಗಿ ಅವನು ಓನರ್.

"ಏನ್ ಮಾಡ್ಲಿ ಕಣ್ರೋ," ಎಂದು ಸರ್ ಒಮ್ಮೆ ಹೇಳಿದ್ದರು. "ನಿಮ್ಮ ಹೆಸರು ಬಾಯಿಗೆ ಹತ್ತೋ ಅಷ್ಟರಲ್ಲಿ ನಿಮ್ಮಪ್ಪಂದಿರು ಸೈಟ್ ಬದಲಾಯಿಸಿ ಹೊರಟುಬಿಡ್ತಾರೆ."

ಅದೂ ನಿಜವೇ. ಶಾಲೆ ಇದ್ದದ್ದು ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗೆ. ಅಲ್ಲೊಂದು ಅಪಾರ್ಟ್‌ಮೆಂಟ್ ಕಟ್ಟಿ ಮುಗಿಸಿದರೆ ಇಲ್ಲೊಂದು ಬೆಂಚು ಖಾಲಿಯಾಗುತ್ತಿತ್ತು.

ಆದರೂ ಮಹಾನಂದಾಗೆ ಒಂದು ಆಸೆ. ಹೆಸರಿಟ್ಟವಳು ಊರಲ್ಲಿರುವ ಅವಳ ಅಜ್ಜಿ. ದಿನಾ ಬೆಳಗ್ಗೆ ಆ ಹೆಸರನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಕ್ಲಾಸಿನೊಳಗೆ ಬಂದಂತೆ ಅವಳಿಗೆ ಅನ್ನಿಸುತ್ತಿತ್ತು. ಒಂದೇ ಒಂದು ಸಲ ಸರ್ ತನ್ನನ್ನು ಮಹಾನಂದಾ ಅಂತ ಕರೆಯಬೇಕು.

"ಸರ್‌ಗೆ ಹೇಳ್ಬಿಡೇ," ಎಂದಿದ್ದ ಬಸಲಿಂಗ.

"ನೀ ಹೇಳು."

"ನಾನ್ಯಾಕೆ? ಟ್ಯಾಂಕರ್ ಸಕ್ಕತ್ತಾಗೇ ಇದೆ ಗುರು. ರೊಟ್ಟಿ ಆಗಿದ್ರೆ ಹೇಳ್ತಿದ್ದೆ."

ಅವತ್ತು ಡಸ್ಟರ್ ತರಲು ಹೋದವಳನ್ನು ಹೆಡ್ ಮಿಸ್ ಮಂಜುಶ್ರೀ ನಿಲ್ಲಿಸಿಕೊಂಡರು.

"ಬೆಳಗ್ಗೆ ಪ್ರಾರ್ಥನೆ ಹೇಳೋಳು ನೀನೇ ಅಲ್ವಾ? ಬಾ ಇಲ್ಲಿ. ಡಾಕ್ಟರುಗಳು ಓದು ಮುಗಿಸಿದಾಗ ಪ್ರತಿಜ್ಞೆ ಮಾಡ್ತಾರೆ. ಮಂತ್ರಿಗಳೂ ಮಾಡ್ತಾರೆ. ಟೀಚರುಗಳು ಯಾಕೆ ಮಾಡಬಾರದು? ಟೀಚರ್ಸ್ ಡೇ ದಿನ ನಾವು ಆರೂ ಜನ ನಿಮ್ಮೆಲ್ಲರ ಮುಂದೆ ನಿಂತು ಮಾಡ್ತೀವಿ. ನೀನು ಒಂದೊಂದೇ ಸಾಲು ಹೇಳಿಕೊಡಬೇಕು."

"ನಾನಾ? ಟೀಚರ್‌ಗಳಿಗಾ?"

"ಹೂಂ. ಒಂದು ದಿನ ನೀನು ಹೇಳು, ನಿನ್ನ ಹಿಂದೆ ನಾವು ಹೇಳ್ತೀವಿ."

ಎಂಟು ಸಾಲಿನ ಚೀಟಿ ಹಿಡಿದು ಹೊರಬಂದ ಮಹಾನಂದಾ ವರಾಂಡದ ಕೊನೆಯವರೆಗೂ ಓಡಿದಳು. ಡಸ್ಟರ್ ಮರೆತದ್ದು ಆಮೇಲೆ ನೆನಪಾಯಿತು.

ಸಂಜೆ ಒಂದೇ ಕೋಣೆಯ ಮನೆಯಲ್ಲಿ ಅವ್ವ ರುಕ್ಮವ್ವ ರೊಟ್ಟಿ ತಟ್ಟುತ್ತಿದ್ದಳು. ಆ ಸದ್ದಿಗೆ ಹೊಂದಿಸಿಕೊಂಡು ಮಹಾನಂದಾ ಸಾಲು ಹೇಳತೊಡಗಿದಳು. ಐದು ಸಾಲು ಸರಾಗವಾಗಿ ಬಂದವು. ಆರನೆಯದು ಮಾತ್ರ ನಾಲಿಗೆಯಲ್ಲಿ ಕೂರಲಿಲ್ಲ.

"ಮಕ್ಕಳ ಘನತೆಗೆ ಧಕ್ಕೆ ಬಾರದಂತೆ ವರ್ತಿಸುತ್ತೇನೆ."

"ಅಪ್ಪಾ, ಘನತೆ ಅಂದ್ರ ಏನು?"

ಅಪ್ಪ ಈಶಪ್ಪ ಫ್ಯಾಕ್ಟರಿಯಿಂದ ಬಂದು ಕೈಗೆ ಹತ್ತಿದ ಗ್ರೀಸ್ ತಿಕ್ಕುತ್ತಿದ್ದ. ಸೋಮವಾರ ಸೋಮವಾರ ವಠಾರದ ಅಂಗಳದಲ್ಲಿ ನಡೆಯುವ ಭಜನೆಗೆ ಅವನೇ ಮುಂದಾಳು. ಅವನು ಒಂದು ಸಾಲು ಎತ್ತಿಕೊಟ್ಟರೆ ಹಿಂದಿನವರು ಅದನ್ನೇ ಹಾಡುತ್ತಿದ್ದರು. ಊರಲ್ಲಿ ತೊಟ್ಟಿಲಲ್ಲಿದ್ದಾಗಿನಿಂದ ಮಹಾನಂದಾ ಕೇಳಿದ್ದು ಅದನ್ನೇ.

"ದೊಡ್ಡ ಮಾತವ್ವ ಅದು, ನನಗೂ ಬಿಡಿಸಿ ಹೇಳಾಕ ಬರಂಗಿಲ್ಲ. ನಾಳೆ ನಿಮ್ಮ ಮಿಸ್‌ನ ಕೇಳು. ಅರ್ಥ ತಿಳೀಲಾರದ ಸಾಲೇ ಮೊದಲ ಜಾರತೈತಿ."

"ಜಾರಿದ್ರ ಏನ್ಮಾಡ್ಲಿ?"

"ಸಾಲು ಜಾರಿದ್ರ ಜಾರ್ಲಿ, ತಾಳ ನಿಲ್ಲಬಾರ್ದು. ಹಿಂದಿನವರು ನಮ್ಮ ಬಾಯಿ ನೋಡ್ಕೋತ ಕುಂತಿರ್ತಾರ. ಅದ ಅಳತಿಗೆ ಮನಸಿನ್ಯಾಗ ಇದ್ದದ್ದು ಹಾಡಿಬಿಡಬೇಕು. ಹಿಡ್ಕೋತಾರ ಅವರು."

ಮಿಸ್‌ನ ಕೇಳಲು ಮಹಾನಂದಾಗೆ ನಾಚಿಕೆಯಾಯಿತು. ಅರ್ಥ ಬಿಟ್ಟು ಸಾಲನ್ನಷ್ಟೇ ನೂರು ಸಲ ಹೇಳಿಕೊಂಡಳು.

ಟೀಚರ್ಸ್ ಡೇ ದಿನ ಅಂಗಳದ ತುಂಬ ಮಕ್ಕಳು. ಅಡುಗೆ ಮನೆಯಿಂದ ಪಾಯಸದ ವಾಸನೆ. ಆರು ಜನ ಟೀಚರುಗಳು ಸಾಲಾಗಿ ನಿಂತು ಬಲಗೈ ಮುಂದೆ ಚಾಚಿದ್ದರು. ಸೋಮಪ್ಪ ಸರ್ ಹೊಸ ಶರ್ಟಿನ ಮಡಿಕೆ ಕೂಡ ಬಿಚ್ಚದೆ ಹಾಕಿಕೊಂಡು ಬಂದಿದ್ದರು.

ಮಹಾನಂದಾ ಸ್ಟೂಲ್ ಹತ್ತಿ ನಿಂತಳು. ಚೀಟಿ ಜೇಬಿನಲ್ಲೇ ಇತ್ತು. ಹಾಡುವವರು ಹಾಳೆ ನೋಡುವುದುಂಟೆ?

"ಎಲ್ಲ ಮಕ್ಕಳನ್ನೂ ಒಂದೇ ಸಮನಾಗಿ ಕಾಣುತ್ತೇನೆ."

ಆರು ಗಂಟಲು ಅದನ್ನೇ ಹೇಳಿದವು. ಮಕ್ಕಳು ಬಾಯಿ ತೆರೆದು ನೋಡಿದರು.

"ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ."

ಅದನ್ನೂ ಹೇಳಿದರು. ಮೂರು, ನಾಲ್ಕು, ಐದು. ಮಹಾನಂದಾಳ ಪಾದ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು. ಅಪ್ಪನ ಹಿಂದಿನವರ ಹಾಗೆಯೇ ಇವರೂ ಹಿಡಿದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಗೇಟಿನ ಹತ್ತಿರ ಟಿಂಗ್ ಟಿಟಿಂಗ್ ಎಂದು ಮ್ಯೂಸಿಕ್ ಶುರುವಾಯಿತು. ಶಾಲೆಯ ನೀರಿನ ತೊಟ್ಟಿ ತುಂಬಿಸಲು ಬಸಲಿಂಗನ ಅಪ್ಪ ಟ್ಯಾಂಕರನ್ನು ರಿವರ್ಸ್ ತೆಗೆದುಕೊಳ್ಳುತ್ತಿದ್ದರು. ಮಕ್ಕಳೆಲ್ಲ ಹೋ ಎಂದು ನಕ್ಕರು. ಬಸಲಿಂಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮ್ಯೂಸಿಕ್ ನಿಂತಿತು. ಆರನೇ ಸಾಲು ಹೊರಟುಹೋಗಿತ್ತು.

ಮಹಾನಂದಾ ಹುಡುಕಿದಳು. ಮಕ್ಕಳ... ಮಕ್ಕಳ... ಮುಂದೆ ಏನೂ ಇಲ್ಲ. ಆರು ಕೈಗಳು ಚಾಚಿಕೊಂಡೇ ಇದ್ದವು. ಆರು ಜನ ಅವಳ ಬಾಯಿಯನ್ನೇ ನೋಡುತ್ತಿದ್ದರು. ಪಾದ ಮಾತ್ರ ತಟ್ಟುತ್ತಲೇ ಇತ್ತು.

"ಮಕ್ಕಳನ್ನು ಅವರವರ ಹೆಸರಿನಿಂದಲೇ ಕರೆಯುತ್ತೇನೆ."

ಅವಳಿಗೇ ಗೊತ್ತಿಲ್ಲದಂತೆ ಅದು ಬಂದುಬಿಟ್ಟಿತ್ತು.

"ಮಕ್ಕಳನ್ನು ಅವರವರ ಹೆಸರಿನಿಂದಲೇ ಕರೆಯುತ್ತೇನೆ," ಎಂದರು ಟೀಚರುಗಳು. ಸೋಮಪ್ಪ ಸರ್ ದನಿ ಅರ್ಧ ಸಾಲು ಹಿಂದೆ ಬಿತ್ತು. ಆದರೂ ಅವರು ಕೊನೆಯವರೆಗೆ ಹೇಳಿದರು.

ಏಳು, ಎಂಟು ಮುಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟೂಲ್ ಇಳಿದ ಮಹಾನಂದಾ ಜೇಬಿನ ಚೀಟಿ ತೆಗೆದು ಆರನೇ ಸಾಲು ನೋಡಿದಳು.

"ಏನೇ ನೀನು," ಎಂದು ಬಸಲಿಂಗ ಪಿಸುಗುಟ್ಟಿದ. "ಪ್ರತಿಜ್ಞೆಗೇ ಕಲಬೆರಕೆ ಮಾಡ್ಬಿಟ್ಯಲ್ಲ."

ಪಾಯಸ ಹಂಚಿದರು. ಲೋಟ ಬಸಲಿಂಗನ ಕೈಗೆ ಕೊಟ್ಟು ಅವಳು ಆಫೀಸಿಗೆ ನಡೆದಳು. ಟೀಚರುಗಳೆಲ್ಲ ಅಲ್ಲೇ ಕೂತಿದ್ದರು.

"ಮಿಸ್, ಆರನೇ ಸಾಲು ನಂದು. ನಿಮ್ಮದು ಮರೆತು ಹೋಯ್ತು. ಅದಕ್ಕ..."

"ಗೊತ್ತಾಯ್ತು," ಎಂದರು ಮಂಜುಶ್ರೀ ಮಿಸ್. "ನಾನು ಬರೆದದ್ದು ಘನತೆ ಅಂತ. ಅದರ ಅರ್ಥ ಗೊತ್ತಾ?"

ಮಹಾನಂದಾ ಇಲ್ಲ ಎಂದು ತಲೆಯಾಡಿಸಿದಳು.

"ನೀನು ಹೇಳಿದ್ಯಲ್ಲ, ಹೆಚ್ಚು ಕಡಿಮೆ ಅದೇ." ಮಿಸ್ ಸೋಮಪ್ಪ ಸರ್ ಕಡೆ ತಿರುಗಿದರು. "ಏನ್ ಸರ್, ಚೀಟಿಯಲ್ಲಿ ಇಲ್ಲದ ಸಾಲು. ಬೇಡ ಅಂದ್ರೆ ಹೊಡೆದುಹಾಕೋಣ."

ಸರ್ ಪಾಯಸದ ಲೋಟವನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಒಂದು ದ್ರಾಕ್ಷಿ ತೇಲುತ್ತಿತ್ತು.

"ಕೈ ಚಾಚಿ ಹೇಳಿಬಿಟ್ಟಿದ್ದೀನಲ್ಲ ಮೇಡಂ," ಎಂದರು. "ಇನ್ನೆಲ್ಲಿ ಹೊಡೆದುಹಾಕೋದು."

ಮರುದಿನ ಗಣಿತದ ಪೀರಿಯಡ್‌ನಲ್ಲಿ ಕ್ಲಾಸು ಉಸಿರು ಬಿಗಿಹಿಡಿದು ಕೂತಿತ್ತು.

"ಏ ಟ್ಯಾ..." ಸರ್ ನಿಂತರು. ತಲೆ ಕೆರೆದುಕೊಂಡರು. "ಏ ಬಸ... ಬಸವ... ಬಸಲಿಂಗ."

ಟ್ಯಾಂಕರ್ ಸಕ್ಕತ್ತಾಗೇ ಇದೆ ಎಂದಿದ್ದ ಹುಡುಗನ ಕಿವಿ ಎರಡೂ ಕೆಂಪಾದವು. "ಎಸ್ ಸರ್," ಎಂದು ಎದ್ದವನು ಕೂರುವುದನ್ನೇ ಮರೆತ.

"ಶಶಿಕುಮಾರ, ಏಳನೇ ಲೆಕ್ಕ ಓದು. ನೀನು ಬೋರ್ಡಿಗೆ ಬಾಮ್ಮಾ..." ಸರ್ ಬೆರಳು ಮಹಾನಂದಾಳ ಕಡೆ ಬಂತು. ಅವಳು ಅರ್ಧ ಎದ್ದಾಗಿತ್ತು. "ಮಹಾ... ಮಹಾಂತಮ್ಮ."

"ಬಂದೆ ಸರ್," ಎಂದು ಕೊನೆಯ ಬೆಂಚಿನ ಮಹಾಂತಮ್ಮ ದಡಬಡ ಎದ್ದು ಬೋರ್ಡಿಗೇ ಬಂದುಬಿಟ್ಟಳು. ಅವಳಿಗೆ ಲೆಕ್ಕವೂ ಬರುತ್ತಿರಲಿಲ್ಲ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಸರ್ ಕೂಡ ಹಣೆ ಚಚ್ಚಿಕೊಂಡು ನಕ್ಕರು. ಮಹಾನಂದಾ ನಗುತ್ತಲೇ ಕೂತಳು. ಆದರೆ ಒಳಗೆಲ್ಲೋ ಸಣ್ಣಗೆ ಚುರುಕ್ ಎಂದಿತು. ರೊಟ್ಟಿ ಹೋಯಿತು, ಹೆಸರು ಮಾತ್ರ ಇನ್ನೂ ಬಂದಿರಲಿಲ್ಲ.

ಶನಿವಾರ ಬೆಳಗಿನ ಕ್ಲಾಸು. ಅಪ್ಪನ ಶಿಫ್ಟಿಗಾಗಿ ಮನೆಯವರೆಲ್ಲ ಬೇಗ ಎದ್ದಿದ್ದರಿಂದ ಮಹಾನಂದಾ ಬೆಲ್ಲಿಗೆ ತುಂಬಾ ಮೊದಲೇ ಶಾಲೆಗೆ ಬಂದಳು. ಸ್ಟೀಲ್ ಬಾಟಲಿ ಹಿಡಿದು ನಲ್ಲಿಯ ಹತ್ತಿರ ಹೋದಳು.

ನೀರಿನ ತೊಟ್ಟಿಯ ಆಚೆ ಯಾರೋ ಗುನುಗುತ್ತಿದ್ದರು. ಬಗ್ಗಿ ನೋಡಿದಳು.

ಸೋಮಪ್ಪ ಸರ್. ಹಾಜರಿ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದು, ಕಣ್ಣು ಮುಚ್ಚಿ, ಅತ್ತಿಂದಿತ್ತ ನಡೆಯುತ್ತಿದ್ದರು. ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಬೆರಳು ಮಡಚುತ್ತಿದ್ದರು.

"ಪರಮಾನಂದ, ಬಸಲಿಂಗ, ಮಹಾಂತಮ್ಮ, ಮಹಾ... ಮಹಾ..."

ನಿಂತುಹೋಯಿತು. ಸರ್ ಪುಸ್ತಕ ತೆಗೆದು ನೋಡಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿದರು. "ಪರಮಾನಂದ, ಬಸಲಿಂಗ, ಮಹಾಂತಮ್ಮ..."

ಹೆಸರು ಮಹಾನಂದಾಳ ತುಟಿಯವರೆಗೆ ಬಂತು. ಹೇಳಿದರೆ ಮುಗಿದೇಹೋಗುತ್ತದೆ. ಆದರೆ ನೂರು ಸಲ ಹೇಳಿಕೊಂಡರೂ ಜಾರಿಹೋದ ಆರನೇ ಸಾಲು ಅವಳಿಗೆ ನೆನಪಾಯಿತು. ಪ್ರತಿಜ್ಞೆ ಟೀಚರ್ಸ್ ಡೇ ದಿನವೇ ಮುಗಿಯಿತೆಂದು ಅವಳು ತಿಳಿದಿದ್ದಳು. ಸರ್ ಇನ್ನೂ ಹೇಳುತ್ತಲೇ ಇದ್ದರು.

ಅವಳು ತೊಟ್ಟಿಯ ಮರೆಗೆ ಸರಿದು ಖಾಲಿ ಬಾಟಲಿಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದಳು. ಟಕ್, ಟಕ್. ಟಕ್, ಟಕ್.

ಸರ್ ಹೆಜ್ಜೆ ನಿಂತಿತು. ಅವರು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆ ಮತ್ತೆ ಶುರುವಾಯಿತು, ಈ ಸಲ ಬಾಟಲಿಯ ತಾಳಕ್ಕೆ.

"ಪರಮಾನಂದ, ಬಸಲಿಂಗ, ಮಹಾಂತಮ್ಮ, ಮಹಾನಂದಾ."

ಅಲ್ಲಿಗೆ ನಿಲ್ಲದೆ ಸರ್ ಮುಂದೆ ಹೊರಟರು. "ರಾಜೇಂದ್ರ, ಶಶಿಕುಮಾರ, ಸವಿತಾ..."

ಮಹಾನಂದಾ ಬಾಟಲಿಗೆ ನೀರು ಹಿಡಿಯಲಿಲ್ಲ. ನೀರು ತುಂಬಿದರೆ ಸದ್ದು ಬರುವುದಿಲ್ಲ. ಪುಸ್ತಕದಲ್ಲಿ ಇನ್ನೂ ಎಷ್ಟೋ ಹೆಸರುಗಳಿದ್ದವು.