ಸಾಯದ ಹನ್ನೊಂದು ಬುಡ

2009ರ ಸೆಪ್ಟೆಂಬರ್ 14, ಸೋಮವಾರ ಬೆಳಿಗ್ಗೆ ಪಂಕಜಾಕ್ಷಮ್ಮ ಬ್ರಹ್ಮಾವರ ಠಾಣೆಗೆ ಬಂದು ಒಂದು ಹಿಡಿ ಹಳದಿ ಪೈರನ್ನು ಎಸ್‌ಐ ಭೋಜರಾಜರ ಮೇಜಿನ ಮೇಲೆ ಹಾಕಿದರು. ಬೇರಿನ ಕೆಸರು ಫೈಲಿಗೆ ತಾಗಿತು.

"ಇದೇನು?"

"ನನ್ನ ಗೆದ್ದಿ ಹೆಣ ಸಾರ್. ಒಂದ್ ವಾರದಗೆ ಇಡೀ ಗೆದ್ದಿ ಸತ್ತಿತ್."

"ರೋಗ ಬಂದಿರಬಹುದು. ಕೃಷಿ ಇಲಾಖೆಗೆ ಹೋಗಿ."

"ಹೋಯ್ ಬಂದೆ. ಯಾರೋ ಕಳೆ ಸಾಯ್ಸು ಮದ್ದ್ ಹೊಡದಿರ್, ಪೊಲೀಸರ ಹತ್ರ ಹೋಯ್ನಿ ಅಂದ್ರ್. ನೀವೀಗ ಎಲ್ಲಿಗ್ ಕಳ್ಸುದ್? ಆನೆಗುಡ್ಡಿ ದೇವಸ್ಥಾನಕ್ಕಾ?"

ಭೋಜರಾಜ ಪೆನ್ನು ತೆಗೆದುಕೊಂಡರು. "ಯಾರ ಮೇಲೆ ಸಂಶಯ?"

"ಬೇಲಿ ಆಚಿ ಬೀಜದ ಕಂಪೆನಿಯರ ಮೇಲೆ. ಅವರ ಭತ್ತಕ್ಕೆ ಎಂತದೂ ಆಯ್ಲ."

ಆಕೆಯ ಜೊತೆಗೆ ನೆರೆಯ ಚಂದಯ್ಯ ಬಂದಿದ್ದ. ಐವತ್ತು ದಾಟಿದ ಕೃಷಿಕ. ಬಾಗಿಲ ಬಳಿಯೇ ನಿಂತಿದ್ದವನು ಒಮ್ಮೆಲೇ ಕೇಳಿದ, "ಸಾರ್, ಆ ಕಂಪೆನಿ ಭತ್ತ ತಿಂದ್ರೆ ಎಂತ ಆತ್ತ್?"

"ಯಾಕೆ?"

"ಮಗ್ಳ್ ಬಸ್ರಿ ಸಾರ್. ಊರಗೆ ಒಬ್ಬೊಬ್ರ್ ಒಂದೊಂದ್ ಹೇಳ್ತ್ರ್."

ಅತಿಕ್ರಮ ಪ್ರವೇಶ ಮತ್ತು ಬೆಳೆ ಹಾನಿ, ಐಪಿಸಿ 447 ಮತ್ತು 427, ಆರೋಪಿ ಅಪರಿಚಿತ ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಭೋಜರಾಜ ಹೆಡ್ ಕಾನ್‌ಸ್ಟೇಬಲ್ ರಾಜೀವಿಯೊಂದಿಗೆ ಸ್ಥಳಕ್ಕೆ ಹೋದರು. ಗದ್ದೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅಂಚಿನ ಆಚೆ, ತಂತಿ ಬೇಲಿಯೊಳಗೆ, ಕಂಪೆನಿಯ ಪ್ರಯೋಗದ ತಾಕಿನ ಭತ್ತ ಮೊಣಕಾಲೆತ್ತರ ಹಸಿರಾಗಿ ನಿಂತಿತ್ತು. ಪಂಚರಿಬ್ಬರೂ ಗದ್ದೆಗೆ ಇಳಿಯಲು ಒಪ್ಪಲಿಲ್ಲ. ಅಂಚಿನ ಮೇಲಿಂದಲೇ ಸಹಿ ಹಾಕುತ್ತೇವೆ ಎಂದರು.

ರಾಜೀವಿ ಪ್ಯಾಂಟ್ ಮಡಚಿ ಇಳಿದಳು. ಸ್ವಲ್ಪ ದೂರ ಹೋಗಿ ನಿಂತಳು.

"ಸಾರ್, ಇಲ್ ಬನ್ನಿ."

ಸತ್ತ ಪೈರಿನ ನಡುವೆ ಒಂದು ಬುಡ ಮಾತ್ರ ಹಸಿರಾಗಿತ್ತು. ಅದರಾಚೆ ಇನ್ನೊಂದು. ಹುಡುಕಿದಾಗ ಒಟ್ಟು ಹನ್ನೊಂದು ಸಿಕ್ಕವು. ಪ್ರತಿಯೊಂದರ ಕುತ್ತಿಗೆಗೂ ಮರದ ತೊಗಟೆಯ ನಾರು ಬಿಗಿದಿತ್ತು. ಹೊಡೆದವನು ಮತ್ತೆ ಬಂದು ಹುಡುಕಿ, ಗುರುತು ಹಾಕಿ ಹೋಗಿದ್ದ. ದ್ವೇಷಕ್ಕೆ ಹೊಡೆದವನು ಹೀಗೆ ಮಾಡುವುದಿಲ್ಲ. ಭೋಜರಾಜರಿಗೆ ಆ ಕೆಸರಿನಲ್ಲಿ ಇನ್ನೂ ನಿಲ್ಲಬೇಕು ಅನ್ನಿಸಲಿಲ್ಲ.

"ಇದ್ ಕದ್ರ್ ಕಟ್ಟು ನಾರ್ ಸಾರ್," ಎಂದಳು ರಾಜೀವಿ. "ಹೊಸ್ತಿನ ದಿನ ಹೊಸ ತೆನೆ ತಂದ್ ಕಂಬಕ್ಕೆ ಕಟ್ಟೂದ್ ಇದ್ರಗೇ. ಕಂಪೆನಿಯರಿಗೆ ಇದ್ ಗೊತ್ತಿಪ್ಪುದಿಲ್ಲ."

ಆದರೂ ಕಂಪೆನಿಯ ಕ್ಷೇತ್ರಾಧಿಕಾರಿ ಸುಧೀರ್‌ನನ್ನು ಸಂಜೆ ಠಾಣೆಗೆ ಕರೆಸಿದರು. ಹಾವೇರಿ ಕಡೆಯ ತರುಣ. ಅನುಮತಿ ಪತ್ರಗಳನ್ನು ಅಚ್ಚುಕಟ್ಟಾಗಿ ಜೋಡಿಸಿ ತಂದಿದ್ದ.

"ನಿಮ್ಮ ಭತ್ತ ಯಾಕೆ ಸಾಯಲಿಲ್ಲ?"

"ಅದು ಕುಲಾಂತರಿ, ಸರ್. ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದಾರೆ. ಕಳೆನಾಶಕ ಹೊಡೆದರೆ ಕಳೆ ಸಾಯುತ್ತೆ, ಭತ್ತ ಉಳಿಯುತ್ತೆ. ಇಲ್ಲಿ ಕಳೆ ಕೀಳೋಕೆ ಜನ ಎಲ್ಲಿದ್ದಾರೆ? ಗಂಡಸರೆಲ್ಲ ಮುಂಬೈ ಹೋಟೆಲಲ್ಲಿ, ಗದ್ದೆ ಪಾಳು. ಇದು ಬಂದರೆ ಹೆಂಗಸರು ದಿನವಿಡೀ ಬಗ್ಗೋದು ತಪ್ಪುತ್ತೆ."

"ಪಕ್ಕದ ಗದ್ದೆಯಲ್ಲಿ ಹನ್ನೊಂದು ಬುಡ ಸತ್ತಿಲ್ಲ."

ಸುಧೀರ್ ಪತ್ರಗಳನ್ನು ಮಡಚುತ್ತಿದ್ದವನು ನಿಲ್ಲಿಸಿದ. "ಯಾರಾದರೂ ತಿಂದಿದ್ದಾರಾ?"

"ತಿಂದರೆ?"

"ಏನೂ ಆಗಲಿಕ್ಕಿಲ್ಲ. ಇಲಿಗಳಿಗೆ ತಿನ್ನಿಸಿ ನೋಡಿದ್ದಾರೆ."

"ಮನುಷ್ಯರಿಗೆ?"

"ಮನುಷ್ಯರು ತಿನ್ನೋಕೆ ಇನ್ನೂ ಅನುಮತಿ ಇಲ್ಲ."

"ನಾನು ಅನುಮತಿಯ ಬಗ್ಗೆ ಕೇಳಲಿಲ್ಲ."

ಸುಧೀರ್ ಮಡಚಿದ ಪತ್ರಗಳನ್ನು ಮತ್ತೆ ಬಿಡಿಸತೊಡಗಿದ. ಹೋದ ವರ್ಷ, ಪ್ರಯೋಗ ಶುರುವಾದಾಗ, ತಾಕಿಗೆ ಬೇಲಿ ಇರಲಿಲ್ಲ, ನಾಲ್ಕು ಬಿದಿರಿನ ಗೂಟ ಮಾತ್ರ ಇದ್ದವು ಎಂಬುದನ್ನು ಎರಡು ಸಲ ಕೇಳಿದ ಮೇಲೆ ಒಪ್ಪಿಕೊಂಡ. ಕಳೆನಾಶಕಕ್ಕೆ ಸಾಯದ ವಿಷಯ ಊರಿನವರಿಗೆ ಗೊತ್ತೇ ಎಂದು ಕೇಳಿದಾಗ, ಹೋದ ತಿಂಗಳು ಚಾ ಅಂಗಡಿಯಲ್ಲಿ ತಾನೇ ವಿವರಿಸಿದ್ದೆ ಎಂದ.

ಮರುದಿನ ಭೋಜರಾಜ ಪಂಕಜಾಕ್ಷಮ್ಮನಿಗೆ ಒಂದೇ ಪ್ರಶ್ನೆ ಕೇಳಿದರು. ನಾಟಿಗೆ ಭತ್ತದ ಸಸಿ, ನೇಜಿ, ಎಲ್ಲಿಂದ ತಂದಿರಿ?

"ನಮ್ದ್ ಸಾಕಾಯ್ಲ. ಚಂದಯ್ಯನ್ ನೇಜಿ ಮಿಕ್ಕಿದ್ದಿತ್. ಅದ್ನೇ ನೆಟ್ಟದ್."

ಚಂದಯ್ಯನ ಮನೆ ಕೂಗಳತೆಯಲ್ಲಿತ್ತು. ಮನೆಯ ಹಿಂದಿನ ಅವನ ಗದ್ದೆಯೂ ಸತ್ತಿತ್ತು. ಅದರಲ್ಲಿ ಒಂದು ಹಸಿರು ಬುಡವೂ ಇರಲಿಲ್ಲ. ಜಗಲಿಯಲ್ಲಿ ಮಗಳು ರತ್ನ, ಏಳು ತಿಂಗಳ ಬಸುರಿ, ರಸ್ಕನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು.

"ಊಟ ಆಯಿತಾ?" ರಾಜೀವಿ ಕೇಳಿದಳು.

"ಇದೇ ಊಟ. ಅಪ್ಪಯ್ಯ ಮನಿ ಅಕ್ಕಿ ಮುಟ್ಟುಕೆ ಬಿಡುದಿಲ್ಲ. ಬ್ರೆಡ್ ತಿಂದ್ ತಿಂದ್ ನಾನೇ ಒಂದ್ ಬೇಕರಿ ಆಯ್ದೆ." ನಕ್ಕಳು. ಪೊಲೀಸರಿಬ್ಬರೂ ನಗದಿರುವುದನ್ನು ಕಂಡು ಅವಳೂ ನಿಲ್ಲಿಸಿದಳು.

ಭೋಜರಾಜ ಚಂದಯ್ಯನನ್ನು ದನದ ಹಟ್ಟಿಯ ಬದಿಗೆ ಕರೆದೊಯ್ದರು.

"ನಿನ್ನ ಗದ್ದೆಯೂ ಸತ್ತಿದೆ. ಯಾಕೆ ದೂರು ಕೊಡಲಿಲ್ಲ?"

ಚಂದಯ್ಯ ಕರುವಿನ ಹಗ್ಗ ಬಿಗಿ ಮಾಡತೊಡಗಿದ.

"ಮದ್ದಿನ ಪಂಪ್ ಎಲ್ಲಿದೆ?"

ಚಂದಯ್ಯ ಹುಲ್ಲಿನ ರಾಶಿಯತ್ತ ಕೈ ತೋರಿಸಿದ. ರಾಜೀವಿ ಎಳೆದು ತೆಗೆದಳು. ಮತ್ತೆ ಅವನನ್ನು ಕೇಳಬೇಕಾಗಲಿಲ್ಲ.

"ಹೋದ್ ವರ್ಷ ಹೊಸ್ತಿಗೆ ಕದ್ರ್ ಕೊಯ್ಕಂಡ್ ಬಪ್ಪುಕ್ ಹೋಯಿದ್ದೆ. ಬೇರೆಯರ ಗೆದ್ದಿಯಂದ, ಯಾರನ್ನೂ ಕೇಣ್ದೆ, ಬೆಳಕ್ ಹರುಕ್ ಮೊದ್ಲ್ ಕೊಯ್ಕಂಡ್ ಬಪ್ಪುದ್ ನಮ್ಮಲ್ಲಿ ಕ್ರಮ. ಅದ್ ಕಳ್ತನ ಅಲ್ಲ, ನಿಮಗ್ ಗೊತ್ತಿತ್ತಲ್ದಾ? ಕಂಪೆನಿ ತಾಕಿನ್ ಅಂಚಿನ್ ಮೇಲ್ ನಿಂತ್ ಕೊಯ್ದೆ. ಈ ಬದಿದಾ, ಆ ಬದಿದಾ, ಕಣ್ಣಿಗ್ ಕಾಣ್ಲ. ಮನಿಗ್ ತಂದ್ ಕಟ್ಟಿ, ನಾಕ್ ಕಾಳ್ ಸುಲ್ದ್ ಪಾಯ್ಸಕ್ಕೆ ಹಾಕಿ ಎಲ್ರೂ ಉಂಡಾಯ್ತ್. ರತ್ನಂಗೆ ಆಗ ಮೂರ್ ತಿಂಗ್ಳ್."

"ಆಮೇಲೆ?"

"ಆ ಮಗು ಉಳೀಲಿಲ್ಲ."

ಕದಿರಿನ ಉಳಿದ ಭತ್ತವನ್ನು ಬೀಜಕ್ಕೆ ಸೇರಿಸುವುದು ಅವನ ಮನೆಯ ಪದ್ಧತಿ. ಸುಧೀರನ ಚಾ ಅಂಗಡಿಯ ಮಾತು ಕೇಳಿದ ಮೇಲೆ ಅವನಿಗೆ ದಾರಿ ಕಂಡಿತು. ಮದ್ದು ಹೊಡೆದು ನೋಡುವುದು. ಎಲ್ಲ ಸತ್ತರೆ ತಾನು ತಂದದ್ದು ಊರಿನ ಭತ್ತ. ತನ್ನ ಗದ್ದೆಗೆ ಹೊಡೆದ. ಎಲ್ಲವೂ ಬಾಡತೊಡಗಿತು. ಬೆಳೆ ಹೋಗುತ್ತಿದ್ದರೂ ಅವನು ಹೊಟ್ಟೆ ತುಂಬ ಉಂಡ. ಆಮೇಲೆ, ಮಿಕ್ಕಿದ ನೇಜಿ ಪಂಕಜಾಕ್ಷಮ್ಮನ ಗದ್ದೆಗೆ ಹೋದದ್ದು ನೆನಪಾಯಿತು. ರಾತ್ರಿ ಹೋಗಿ ಅದಕ್ಕೂ ಹೊಡೆದ.

"ಮೊದಲ್ನೇ ಹಸ್ರ್ ಬುಡ ಕಂಡಾಂಗೆ ಅಲ್ಲೇ ಕೆಸ್ರಗೆ ಕೂತ್ಕಂಡೆ ಸಾರ್. ಕೀಳುಕೆ ಹೆದ್ರಿಕೆ. ನಾರ್ ಕಟ್ಟಿ ಬಂದೆ."

"ಠಾಣೆಗೆ ಯಾಕೆ ಬಂದೆ?"

"ನೀವಾರೂ ಹೇಳ್ತ್ರೋ ಕಾಂಬ ಅಂತ. ಹ್ವಾಯ್, ಹೇಳಿ ಸಾರ್. ಅದ್ರಿಂದ್ಲೇ ಹೋದ್ದಾ ಆ ಮಗು?"

ಭೋಜರಾಜ ಉಡುಪಿಯ ವೈದ್ಯರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿದರು. ನಾಲ್ಕು ಕಾಳಿನಿಂದ ಗರ್ಭ ಹೋಗಲು ಕಾರಣ ಕಾಣುವುದಿಲ್ಲ, ಹಾಗೆ ಎಷ್ಟೋ ಹೋಗುತ್ತವೆ ಎಂದರು ವೈದ್ಯರು. ಖಚಿತವಾಗಿ ಹೇಳಬಹುದೇ ಎಂದದ್ದಕ್ಕೆ, ಆ ಭತ್ತದ ಬಗ್ಗೆ ನನಗೇನೂ ಗೊತ್ತಿಲ್ಲ ಎಂದರು. ಭೋಜರಾಜ ಮೊದಲರ್ಧವನ್ನು ಮಾತ್ರ ಚಂದಯ್ಯನಿಗೆ ಹೇಳಿದರು. ಅವನು ನಂಬಲಿಲ್ಲ.

15ರ ಮಧ್ಯಾಹ್ನ ದಸ್ತಗಿರಿಯಾಯಿತು. ಅವನಿಗೆ ಯಾರ ಮೇಲೂ ಹಗೆ ಇರಲಿಲ್ಲ. ಮಗಳಿಗೆ ತಾನೇ ಕೈಯಾರೆ ಏನು ಬಡಿಸಿದೆ ಎಂದು ತಿಳಿಯುವುದಷ್ಟೇ ಅವನಿಗೆ ಬೇಕಿತ್ತು. ಅದಕ್ಕಾಗಿ ಎರಡು ಗದ್ದೆ ಕೊಂದಿದ್ದ.

ಜೀಪು ಹತ್ತುವ ಮೊದಲು ರಾಜೀವಿ ಕೇಳಿದಳು, "ನೇಜಿ ಪಂಕಜಾಕ್ಷಮ್ಮಂಗೆ ಮಾತ್ರ ಕೊಟ್ಟದ್ದಾ?"

"ಇಲ್ಲ. ನೇಜಿ ಇಲ್ಲ ಅಂಬುಕ್ ಆತ್ತಾ? ಊರಗೆ ಕೇಂಡ್ ಬಂದರಿಗೆಲ್ಲ ಕೊಟ್ಟಿದ್ದೆ."

ರಾಜೀವಿ ಭೋಜರಾಜರ ಮುಖ ನೋಡಿದಳು. ರಸ್ತೆಯ ಎರಡೂ ಬದಿ, ಕೋಟದ ಕಡೆಗೆ ಕಣ್ಣು ಹೋಗುವಷ್ಟು ದೂರ, ಗದ್ದೆಗಳು ಹಸಿರಾಗಿದ್ದವು. ತೆನೆ ಹೊರಡುವ ಕಾಲ.