ನೂರಾಗುವ ಮೊದಲೇ

"ಇವತ್ತೂ ನೂರಾಗೋವರೆಗೂ ಬಿಡಲ್ವೇನೋ, ಕ್ಲೆಮ್?"

ಬ್ರಿಡಿ ನಗಲು ನೋಡಿದಳು. ಹೊಗೆ ಗಂಟಲು ಹಿಡಿದಿತ್ತು. ನಡುಮಧ್ಯಾಹ್ನವೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಊರಿನ ಹಿಂದಿನ ಗುಡ್ಡದಲ್ಲಿ ನೀಲಗಿರಿ ಕಾಡು ಹೊತ್ತಿ ಉರಿಯುತ್ತಿತ್ತು.

ವಿಕ್ಟೋರಿಯಾದ ಆ ಕಡಲೂರಿಗೆ ವಿದ್ಯುತ್ ಕಾರುಗಳಿಗೆಂದು ಇದ್ದದ್ದು ಒಂದೇ ಚಾರ್ಜರ್, ಬೇಕರಿಯ ಹಿಂದೆ. ಬ್ಯಾಟರಿ ಎಂಬತ್ತು ಪರ್ಸೆಂಟ್ ತುಂಬಿದ ಮೇಲೆ ಹಿಂದಿನವರಿಗೆ ಬಿಟ್ಟುಕೊಡುವುದು ಊರಿನ ಪದ್ಧತಿ. ಕ್ಲೆಮ್ ಮಾತ್ರ ನೂರಾಗದೆ ಕದಲುವವನಲ್ಲ. ಬ್ರಿಡಿಯ ಕಾರಿಗೆ ಮನೆಯ ಸೋಲಾರ್ ಸಾಕಿತ್ತು. "ನಾನು ಬಿಸಿಲು ಕುಡಿಸ್ತೀನಿ, ನೀನು ಕ್ಯೂ ನಿಲ್ಲು" ಎಂದು ಅವನನ್ನು ಛೇಡಿಸುವಳು. ಆಗ ಅವನ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡಲೆಂದೇ ಛೇಡಿಸುವಳು.

ಈಗ ಹೊಗೆ ಬಿಸಿಲನ್ನೇ ನುಂಗಿತ್ತು. ಕರೆಂಟೂ ಇಲ್ಲ. ಬೇಕರಿಯ ಚಾರ್ಜರ್ ಡೀಸೆಲ್ ಜನರೇಟರಿನ ಮೇಲೆ ಏದುಸಿರು ಬಿಡುತ್ತಿತ್ತು. ಊರು ಆಗಲೇ ಖಾಲಿ. ಅವಳ ಕಾರಿನಲ್ಲಿ ಉಳಿದದ್ದು ಒಂಬತ್ತು ಪರ್ಸೆಂಟ್ ಚಾರ್ಜ್, ಮತ್ತು ಮುದಿ ನಾಯಿ ಮಾರ್ಬಲ್.

ಅಗ್ನಿಶಾಮಕ ದಳದ ಹೆಂಗಸು ಓಡಿ ಬಂದು ಕೂಗಿದಳು: "ಅರ್ಧ ಗಂಟೆ! ಆಮೇಲೆ ರಸ್ತೆ ಮುಚ್ತೀವಿ!"

ಕ್ಲೆಮ್ ತನ್ನ ಕಾರಿನಿಂದ ಕೇಬಲ್ ಕಿತ್ತು ಅವಳ ಕಾರಿನತ್ತ ನಡೆದ.

ಅವನ ಕಾರಿನ ಪರದೆಯಲ್ಲಿ ಮೂವತ್ತೊಂದು. ಕಡಲ ದಂಡೆಯ ದಾರಿಯಲ್ಲಿ ಮುಂದಿನ ಊರು ಸೇರಲು ಐವತ್ತಾದರೂ ಬೇಕು. ಬೆಂಕಿಗಿಂತ ಆ ಅಂಕಿಯೇ ಬ್ರಿಡಿಯನ್ನು ಹೆಚ್ಚು ಹೆದರಿಸಿತು.

"ತಲೆ ಕೆಟ್ಟಿದೆಯಾ? ಅರ್ಧ ದಾರೀಲಿ ನಿಂತ್ಬಿಡ್ತೀಯ!"

"ನೀನು ದಾಟಿದ್ರೆ ಸಾಕು ಮಾರಾಯ್ತಿ."

"ಯಾಕೆ?"

"ಗೊತ್ತಿಲ್ದೇ ಕೇಳ್ತಿದ್ದೀಯಾ?" ಅವನು ಕೇಬಲನ್ನು ಅವಳ ಕಾರಿಗೆ ಸಿಕ್ಕಿಸಲು ಬಾಗಿದ. "ಹೇಳೋಕೆ ಒಳ್ಳೆ ಹೊತ್ತು ಬರ್ಲಿ ಅಂತ ಕಾದೆ. ಎರಡು ವರ್ಷ."

"ಅದಕ್ಕೂ ನೂರಾಗ್ಬೇಕಿತ್ತಾ ನಿಂಗೆ!"

ಅವಳು ಕೇಬಲ್ ಕಸಿದುಕೊಂಡು ಅವನ ಕಾರಿಗೇ ಮತ್ತೆ ಸಿಕ್ಕಿಸಿದಳು. ಮಾರ್ಬಲ್‌ನನ್ನು ಎತ್ತಿ ಅವನ ಹಿಂದಿನ ಸೀಟಿಗೆ ದಾಟಿಸಿದಳು. ತನ್ನ ಕಾರಿನ ಬಾಗಿಲು ಮುಚ್ಚುವಾಗ ಒಂದು ಕ್ಷಣ ಕೈ ಅಲ್ಲೇ ನಿಂತಿತು.

"ಇಬ್ರಿಗೆ ಎರಡು ಕಾರು ಯಾಕೆ? ಬಾ, ಹತ್ಕೋ."

ಇಬ್ಬರೂ ಪರದೆ ನೋಡುತ್ತ ಕುಳಿತರು. ಗಾಜಿನ ಮೇಲೆ ಬೂದಿ ಉದುರುತ್ತಿತ್ತು. ಮೂವತ್ತೆಂಟು. ನಲವತ್ತಾರು. ಅವನ ಬೆರಳು ಅವಳ ಬೆರಳನ್ನು ಯಾವಾಗ ಹುಡುಕಿಕೊಂಡಿತೋ, ಇಬ್ಬರೂ ನೋಡಲಿಲ್ಲ.

ಐವತ್ತಮೂರಕ್ಕೆ ಸೈರನ್ ಕೂಗಿತು. ಕ್ಲೆಮ್ ಇಳಿದು ಕೇಬಲ್ ಬಿಚ್ಚಿ ಬಂದ.

"ಇಷ್ಟಕ್ಕೇ ಹೊರಟ್ಯಾ?" ಎಂದಳು, ಅಳುವಿನ ನಡುವೆ.

"ಸಾಕು," ಎಂದ. ಅವನ ಕಿವಿ ಕೆಂಪಾಗಿತ್ತು.

ಕಾರು ಹೊರಟಿತು. ಹೊಗೆಯಲ್ಲಿ ಮುಂದೆ ದಾರಿ ಹತ್ತು ಮಾರು ಮಾತ್ರ ಕಾಣುತ್ತಿತ್ತು. ಅವಳು ಮತ್ತೆ ಅವನ ಕೈ ಹಿಡಿದಳು, ಬಿಡಲಿಲ್ಲ.