ಗೋಪುರದ ಬುಡದ ಬೀಗ

ಹೆಡ್ ಕಾನ್‌ಸ್ಟೆಬಲ್ ಕಲಾವತಿ ಠಾಣೆಯ ಮಡಕೆ ತೊಳೆದು, ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿ ತುಂಬುತ್ತಿದ್ದಳು. ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಮಡಕೆ ತುಂಬುವವರೆಗೆ ನಿಂತೇ ಇದ್ದಳು.

ಬುಧವಾರ, ಬೆಳಿಗ್ಗೆ ಎಂಟು ಗಂಟೆ. ಚೆನ್ನೈನ ಉತ್ತರಕ್ಕೆ, ಮಣಲಿಯಿಂದಾಚೆ, ಉಪ್ಪಿನ ಗದ್ದೆಗಳ ಪಕ್ಕದ ಠಾಣೆ. ಹೆಂಗಸು ವಿಮಲಾ, ಉಡುಪಿ ಕಡೆಯವಳು. ತಾಂಬರಂನ ಹೋಟೆಲೊಂದರಲ್ಲಿ ಅಡುಗೆ ಕೆಲಸ. ಸೋಮವಾರ ಗಾಳಿಯಂತ್ರದ ಗೋಪುರದೊಳಗೆ ಕರೆಂಟು ಹೊಡೆದು ಸತ್ತ ಚರಣ್ ಅವಳ ತಮ್ಮ. ಅದು ಅಸಹಜ ಸಾವೆಂದು ದಾಖಲಾಗಿತ್ತು.

ಇನ್ಸ್‌ಪೆಕ್ಟರ್ ವೆಂಕಟೇಶ ಹುಟ್ಟಿ ಬೆಳೆದದ್ದು ಚೆನ್ನೈಯಲ್ಲೇ, ಮನೆಮಾತು ಕನ್ನಡ.

"ಉಕ್ಕಾರುಮ್ಮಾ, ಕೂತ್ಕೊಳ್ಳಿ. ಏನು ಕಂಪ್ಲೇಂಟು?"

"ಸ್ವಿಚ್ಚಿಗೆ ಬೀಗ ಹಾಕದೆ ಗೋಪುರ ಹತ್ತಿದ, ಅವನದ್ದೇ ತಪ್ಪು ಅಂತ ಬರ್ದಿದ್ದೀರಂತೆ. ಅದನ್ನು ತೆಗೀಬೇಕು ಸರ್."

"ಹಾಗೆ ಹೇಳಿದ್ದು ಸೂಪರ್‌ವೈಸರ್ ಸದಾನಂದ. ನಿಮ್ಮೂರವರೇ ಅಲ್ವಾ?"

"ಹೌದು. ಅಮ್ಮನ ಹತ್ರ ಕೇಳಿ ಇವನನ್ನು ಕೆಲಸಕ್ಕೆ ಕರ್ಕೊಂಡು ಬಂದದ್ದೇ ಅವರು."

ಅವಳು ಮೇಜಿನ ಮೇಲೆ ಒಂದು ಬೀಗದ ಕೈ ಇಟ್ಟಳು. "ಆಸ್ಪತ್ರೆಯಲ್ಲಿ ಕೊಟ್ಟ ಬಟ್ಟೆಯಲ್ಲಿ ಇದು ಇತ್ತು. ಬೀಗ ಹಾಕದಿದ್ರೆ ಬೀಗವೂ ಅವನ ಹತ್ರವೇ ಇರ್ಬೇಕಲ್ಲ? ಅದು ಎಲ್ಲಿ ಉಂಟು?"

ವೆಂಕಟೇಶ ಎಫ್‌ಐಆರ್ ಬರೆಸಿದ.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಕಾಂಕ್ರೀಟಿನ ಬುಡದ ಮೇಲೆ ಉಕ್ಕಿನ ಕೊಳವೆಗಳನ್ನು ಒಂದರ ಮೇಲೊಂದು ಕೂರಿಸಿ, ಬೋಲ್ಟು ಬಿಗಿದು ಗೋಪುರ ಎಬ್ಬಿಸಿದ್ದರು. ತುದಿಯಲ್ಲಿ ಯಂತ್ರದ ಪೆಟ್ಟಿಗೆ. ರೆಕ್ಕೆಗಳು ಇನ್ನೂ ನೆಲದ ಮೇಲೆ, ದೋಣಿ ಮಗುಚಿ ಹಾಕಿದಂತೆ. ಒಳಗೆ ತಂತಿ ಜೋಡಿಸಲು ಹತ್ತುವವನು ಬುಡದ ಸ್ವಿಚ್ ಆರಿಸಿ, ಅದಕ್ಕೆ ತನ್ನದೇ ಕೆಂಪು ಬೀಗ ಹಾಕಬೇಕು. ಬೇರೆಯವರು ಅದನ್ನು ಕತ್ತರಿಸಬೇಕಾದರೆ ಮೊದಲು ಸೂಪರ್‌ವೈಸರನೇ ತುದಿಯವರೆಗೆ ಹತ್ತಿ, ಒಳಗೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಬೇಕು.

ಸ್ವಿಚ್ಚಿನ ಕೊಂಡಿಯ ಮೇಲೆ ಹೊಸ ಗೀರು. ಸದಾನಂದನ ಜೀಪಿನಲ್ಲಿದ್ದ ಕಬ್ಬಿಣ ಕತ್ತರಿಸುವ ದೊಡ್ಡ ಕತ್ತರಿಯ ಬಾಯಲ್ಲಿ ಕೆಂಪು ಬಣ್ಣ.

"ಇದ್ರಲ್ಲಿ ಯಾವ ಬೀಗ ಕತ್ತರಿಸಿದ್ರಿ?" ವೆಂಕಟೇಶ ಸದಾನಂದನನ್ನು ಕೇಳಿದ.

"ಹಳೇದು ಸರ್. ಹುಡುಗರು ಬೀಗ ಬಿಟ್ಟು ತಿಂಡಿಗೆ ಹೋಗಿಬಿಡ್ತಾರೆ."

"ಸೋಮವಾರ?"

ಅವನು ಬೆವರು ಒರೆಸಿಕೊಂಡ. "ಸೋಮವಾರವೂ ಒಂದು. ಹತ್ತಿ ನೋಡಿದೆ ಸರ್. ಯಾರೂ ಇರ್ಲಿಲ್ಲ. ಆಮೇಲೆ ಹತ್ತಿರ್ಬೇಕು ಅವ."

"ಯಾವ ಜಾಗದವರೆಗೆ ನೋಡಿದ್ರಿ? ಹತ್ತಿ ತೋರಿಸಿ. ಕಲಾವತಿ, ನೀನೂ ಹೋಗು."

"ನಾನಾ ಸಾರ್? ಮನೆ ಮೊಟ್ಟೈಮಾಡಿ, ತಾರಸಿ ಹತ್ತೋಕೇ ನಂಗೆ ಮೂಚು ವಾಂಗುತ್ತೆ, ಏದುಸಿರು ಬರುತ್ತೆ," ಎಂದು ಗೊಣಗಿದರೂ ಅವಳು ಸೊಂಟಪಟ್ಟಿ ಬಿಗಿದುಕೊಂಡಳು.

ಸದಾನಂದ ಗೋಪುರದೊಳಗಿನ ಏಣಿಯ ಮೆಟ್ಟಿಲು ಹಿಡಿದ. ಒಂದು ಕಾಲು ಇಟ್ಟ. ಇನ್ನೊಂದು ನೆಲ ಬಿಡಲಿಲ್ಲ. ಕೊನೆಗೆ ಅವನು ಅಲ್ಲೇ ಕುಕ್ಕರಿಸಿದ.

"ಎಷ್ಟು ದಿನದಿಂದ?" ವೆಂಕಟೇಶ ಕೇಳಿದ.

"ಎರಡು ವರ್ಷ ಆಯ್ತು. ಎತ್ತರಕ್ಕೆ ಹೋದ್ರೆ ತಲೆ ತಿರುಗ್ತದೆ. ಹೇಳಿದ್ರೆ ಮಾರನೇ ದಿನವೇ ಊರಿಗೆ ಕಳಿಸ್ತಾರೆ. ಬೇರೆ ಕೆಲಸ ನಂಗೆ ಎಂತ ಗೊತ್ತುಂಟು ಮಾರಾಯ್ರೆ?"

"ಸೋಮವಾರ ಏನಾಯ್ತು?"

"ರೆಕ್ಕೆ ಎತ್ತುವುದು ಗಾಳಿ ಏಳುವ ಮೊದಲೇ ಆಗ್ಬೇಕು. ಕ್ರೇನ್ ತಯಾರಿತ್ತು. ಮೇಲೆ ಯಂತ್ರದ ಮೂತಿ ತಿರುಗಿಸ್ಲಿಕ್ಕೆ ಕರೆಂಟು ಬೇಕಿತ್ತು. ಕೆಳಗಿಂದ ಮೂರು ಸಲ ಕೂಗಿದೆ. ಕ್ರೇನಿನ ಸದ್ದಿಗೆ ಅವನಿಗೆ ಕೇಳ್ಲಿಲ್ಲ. ಮೇಲೆ ಯಾರೂ ಇಲ್ಲ ಅಂದ್ಕೊಂಡು ಬೀಗ ಕತ್ತರಿಸಿ ಸ್ವಿಚ್ ಹಾಕಿದೆ."

"ಬೀಗ?"

ಅವನು ಉಪ್ಪಿನ ಗದ್ದೆಯ ಕಾಲುವೆ ತೋರಿಸಿದ. ಕಲಾವತಿ ಮೊಣಕಾಲಿನವರೆಗೆ ಕೆಸರಿಗಿಳಿದಳು. ಎರಡು ಗಂಟೆಗೆ ಬೀಗ ಸಿಕ್ಕಿತು. ವಿಮಲಾ ಕೊಟ್ಟ ಬೀಗದ ಕೈ ಅದಕ್ಕೆ ಸರಿಯಾಗಿ ಕೂತಿತು.

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಸಂಜೆ ನಾಲ್ಕಕ್ಕೆ ಬಂಧನ. ಬೀಗ ಹಾಕಿಯೇ ಹತ್ತಿದ್ದ ಎಂದು ವೆಂಕಟೇಶ ಚರಣ್‌ನ ಕಡತದಲ್ಲಿ ಸ್ವತಃ ಬರೆದು, ವಿಮಲಾಳಿಗೆ ಓದಿ ಹೇಳಿದ. ಅವಳು ತಲೆಯಾಡಿಸಿದಳು, ಅಳಲಿಲ್ಲ.

ಜೀಪು ಹತ್ತಿಸುವಾಗ ಸದಾನಂದ ಅವಳ ಕಡೆ ತಿರುಗಿದ.

"ವಿಮಲಾ, ನಿನ್ನ ಅಮ್ಮನಿಗೆ ಇದನ್ನು ನಾನೇ ಹೇಳ್ತೇನೆ. ಒಂದು ಫೋನ್ ಮಾಡಿ ಕೊಡು."